ಓದಿನ ಮುಯ್ಯಿ

ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿತ್ತೆಂದರೆ ಊರಿನ ಮಕ್ಕಳಿಗೆಲ್ಲ ಹಬ್ಬ. ಶಿರೀನ್ ತಾಜ್‌ಗೆ ಮಾತ್ರ ಎದೆಯೊಳಗೆ ಅಳುಕು. ಸಿಂಗಟಗೆರೆಯಿಂದಾಚೆ ಹೊಂಗೆಕಟ್ಟೆ ಎಂಬ ಊರಿನಲ್ಲಿ ಅವಳು ಪಂಚಾಯ್ತಿಯ ಲೈಬ್ರರಿ ನೋಡಿಕೊಳ್ಳುವವಳು. ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದು ಬರೆದಿದ್ದರೂ ಊರಿನವರ ಬಾಯಲ್ಲಿ ಅದು ಲೈಬ್ರರಿಯೇ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳು ಒಂದು ಸಂಗತಿ ಗಮನಿಸಿದ್ದಳು. ಮಾರ್ಚ್‌ನಲ್ಲಿ ಸರಾಗವಾಗಿ ಓದುತ್ತಿದ್ದ ಮಗು ಜೂನ್‌ನಲ್ಲಿ ಮತ್ತೆ ಅಕ್ಷರದ ಕೆಳಗೆ ಬೆರಳಿಟ್ಟು ತಡವರಿಸುತ್ತಿತ್ತು. ಉತ್ತು ಹದ ಮಾಡಿದ ಹೊಲವನ್ನು ಬಿತ್ತದೆ ಬಿಸಿಲಿಗೆ ಬಿಟ್ಟರೆ ಹೆಂಟೆ ಕಟ್ಟುವ ಹಾಗೆ, ರಜೆ ಮುಗಿಯುವಷ್ಟರಲ್ಲಿ ಮಕ್ಕಳ ಓದು ಗಟ್ಟಿ ಹೆಂಟೆಯಾಗಿರುತ್ತಿತ್ತು. ಒಡೆಯಲು ಮತ್ತೆ ದಸರಾವರೆಗೆ ಒದ್ದಾಟ.

ಶಿರೀನ್ ಹುಟ್ಟಿದ್ದು ಅಜ್ಜಂಪುರದಲ್ಲಿ. ಅಪ್ಪ ಸೈಫುಲ್ಲಾ ರೈಲ್ವೆ ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯಲ್ಲಿ ಕಡಲೆಕಾಯಿ ಹುರಿದು ಮಾರುತ್ತಿದ್ದ. ಮನೆಮಾತು ದಖ್ನಿ. ಕನ್ನಡದ ಅಕ್ಷರಗಳು ಅವಳಿಗೆ ಶಾಲೆಯಲ್ಲಿ ಸಿಕ್ಕಿದವು ನಿಜ, ಆದರೆ ಅವು ಕೈಬಿಟ್ಟು ಹೋಗದೆ ನಿಂತದ್ದು ಪೊಟ್ಟಣಗಳಿಂದ. ಬೇಸಿಗೆ ರಜೆಯಲ್ಲಿ ಹಳೆಯ ಪತ್ರಿಕೆ ಹರಿದು ಪೊಟ್ಟಣ ಸುತ್ತಿಡುವ ಕೆಲಸ ಅವಳದು. ಸುತ್ತುವ ಮೊದಲು ಒಂದೊಂದು ಚೂರನ್ನೂ ಓದುತ್ತಿದ್ದಳು. ಅರ್ಧ ಸುದ್ದಿ, ಕಾಲು ಕಥೆ, ತಲೆಯಿಲ್ಲದ ಧಾರಾವಾಹಿ. “ಆಡು ಆದ್ರೂ ಕಾಗದ ತಿಂದು ಮುಗಿಸ್ತದೆ, ಇವಳು ಮುಗಿಸೋದೇ ಇಲ್ಲ” ಎಂದು ಅಪ್ಪ ಗಿರಾಕಿಗಳ ಎದುರು ನಗುತ್ತಿದ್ದ. ಕೈ ಕೆಲಸ ಮಾಡುತ್ತಿರುವಾಗ ಓದು ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ ಎಂಬುದು ಅವಳಿಗೆ ಅಲ್ಲೇ ಗೊತ್ತಾದದ್ದು.

ಮದುವೆಯಾಗಿ ಕಡೂರಿಗೆ ಬಂದಳು. ಗಂಡ ಅಸದುಲ್ಲಾನದು ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳು ಅಂಗಡಿಯ ಮುಂದೆ ಸಾಲಾಗಿ ಮಲಗಿರುತ್ತಿದ್ದವು. ಅತ್ತೆ ಹಜೀರಾಬಿ ಮೊಮ್ಮಗಳು ಅಲ್ಫಿಯಾಳನ್ನು ಸೊಂಟದಲ್ಲಿಟ್ಟುಕೊಂಡು, “ನೀನು ಹೋಗು, ಮಗು ನನಗಿರಲಿ” ಎಂದು ತರೀಕೆರೆಗೆ ಪರೀಕ್ಷೆ ಬರೆಯಲು ಕಳಿಸಿದ್ದರಿಂದ ಶಿರೀನ್ ಡಿಗ್ರಿ ಮುಗಿಸಿದಳು. ಆಮೇಲೆ ಈ ಲೈಬ್ರರಿಯ ಕೆಲಸ. ಬೆಳಿಗ್ಗೆ ಕಡೂರಿನ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು.

ಈ ವರ್ಷ ರಜೆ ಶುರುವಾದ ವಾರದಲ್ಲಿ ಅವಳು ಲೈಬ್ರರಿ ಗುಡಿಸಿ, ಚಾಪೆ ಹಾಸಿ, ಚಿತ್ರದ ಪುಸ್ತಕಗಳನ್ನು ಮಕ್ಕಳ ಕೈಗೆಟುಕುವಂತೆ ಜೋಡಿಸಿ ಕಾದಳು. ಮಕ್ಕಳಿಗೆಂದು ತುಂಬಿಟ್ಟ ಮಡಕೆಯ ನೀರು ಸಂಜೆಯವರೆಗೆ ಹಾಗೇ ಇತ್ತು. ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲಿ ಹೋದವು ಮಕ್ಕಳು ಎಂದು ಹುಡುಕಿಕೊಂಡು ಹೊರಟರೆ, ಲಿಂಗಮ್ಮ ಎಂಬ ಅಜ್ಜಿಯ ಮನೆಯ ಅಂಗಳದಿಂದ ಟಕ್ ಟಕ್ ಟಕ್ ಸದ್ದು ಕೇಳಿಸಿತು.

ಹುಣಸೆಹಣ್ಣಿನ ಕಾಲ. ತೆಂಗಿನ ಗರಿಯ ಚಪ್ಪರದ ಕೆಳಗೆ ಹೆಂಗಸರು, ಮಕ್ಕಳು ಸುತ್ತ ಕೂತಿದ್ದರು. ಸಿಪ್ಪೆ ತೆಗೆದ ಹಣ್ಣನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದರೆ ಬೀಜ ಹೊರಗೆ ಚಿಮ್ಮುತ್ತಿತ್ತು. ನಾರೆಳೆದು ಉಳಿದದ್ದನ್ನು ಉಂಡೆ ಕಟ್ಟುತ್ತಿದ್ದರು. ಹೊಂಗೆಕಟ್ಟೆಯಲ್ಲಿ ಈ ಕೆಲಸಕ್ಕೆ ಕೂಲಿ ಇಲ್ಲ, ಮುಯ್ಯಿ ಮಾತ್ರ. ಇವತ್ತು ನಿಮ್ಮ ಮನೆಯವರು ನಮ್ಮ ಅಂಗಳಕ್ಕೆ ಬಂದರೆ ನಾಳೆ ನಮ್ಮ ಮನೆಯವರು ನಿಮ್ಮ ಅಂಗಳಕ್ಕೆ. ಬಂದ ಕೈಗೆ ಕೈ ತೀರಿಸಬೇಕು. ತೀರಿಸದವರ ಮನೆಗೆ ಮುಂದಿನ ವರ್ಷ ಯಾರೂ ಹೋಗುವುದಿಲ್ಲ. ಮಕ್ಕಳ ಕೈಯೂ ಅದರಲ್ಲಿ ಲೆಕ್ಕಕ್ಕೆ ಬರುತ್ತಿತ್ತು.

“ಮಕ್ಕಳನ್ನ ಸ್ವಲ್ಪ ಹೊತ್ತು ಲೈಬ್ರರಿಗೆ ಕಳಿಸಿ ಅಜ್ಜಿ” ಎಂದು ಶಿರೀನ್ ಲಿಂಗಮ್ಮನನ್ನು ಕೇಳಿದಳು.

ಉತ್ತರ ಕೊಟ್ಟವಳು ಪಕ್ಕದ ಮನೆಯ ಕಾಶಮ್ಮ. ಆ ಅಂಗಳದಲ್ಲಿ ಯಾರನ್ನು ಕೇಳಿದರೂ ಉತ್ತರ ಅವಳದೇ. “ಮಕ್ಳು ಓದ್ಕಂಡು ಕುಂತ್ರೆ ಹುಣಸೆಹಣ್ಣು ತಾನಾಗೇ ಬೀಜ ಉಗುಳುತ್ತಾ ಮೇಡಂ? ಉಗುಳಂಗಿದ್ರೆ ಹೇಳಿ, ನಾನೂ ಬತ್ತೀನಿ.”

ಎಲ್ಲರೂ ನಕ್ಕರು. ಶಿರೀನ್‌ಗೂ ನಗು ಬಂತು. ಅವಳು ಹಿಂತಿರುಗಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ಹಾಗಾದ್ರೆ ಪುಸ್ತಕವೇ ಇಲ್ಲಿಗೆ ಬರಲಿ. ಒಂದು ಮಗು ಓದಲಿ, ಉಳಿದೋರು ಬಡೀತಾ ಕೇಳ್ಲಿ. ನಿಮಗೂ ಹೊತ್ತು ಹೋಗುತ್ತೆ.”

“ಓದೋಳ ಪಾಲಿನ ಕೆಲಸ ಯಾರು ಮಾಡ್ತಾರೆ?” ಎಂದಳು ಕಾಶಮ್ಮ.

“ಮಧ್ಯೆ ಮಧ್ಯೆ ಮಾಡ್ಲಿ ಬಿಡು” ಎಂದಳು ಲಿಂಗಮ್ಮ.

“ಹುಣಸೆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಹಾಳೆ ಹಾಳೆ ಅಂಟಿಕೊಳ್ಳುತ್ತೆ ಅಜ್ಜಿ” ಎಂದಳು ಶಿರೀನ್. “ಓದೋ ಮಗು ಆ ದಿನ ಹಣ್ಣು ಮುಟ್ಟೋ ಹಾಗಿಲ್ಲ.”

ಕೊಡತಿಗಳು ನಿಂತವು. ಇದು ಸಣ್ಣ ಮಾತಾಗಿರಲಿಲ್ಲ. ಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದಳು. “ಓದೋದೂ ಒಂದ್ ಆಳು ಅಂತ ಇಟ್ಕಳಾಣ ಬಿಡೇ ಕಾಶಿ. ಒಬ್ಳು ಓದಿದ್ರೆ ಅದೇ ಅವಳ ಮುಯ್ಯಿ. ಅವಳ ಪಾಲು ನಾವೆಲ್ಲ ಹಂಚ್ಕಂಡು ಬಡಿಯಾಣ.”

“ಆಗ್ಲಪ್ಪ” ಎಂದಳು ಕಾಶಮ್ಮ. “ಆದ್ರೆ ಕಥೆ ಚೆಂದಾಗಿರ್ಬೇಕು. ಸಪ್ಪೆ ಕಥೆಗೆಲ್ಲ ನನ್ ಕೈ ಓಡಾದಿಲ್ಲ.”

ಮಾರನೆಯ ದಿನದಿಂದ ಅಂಗಳದ ಓದು ಶುರುವಾಯಿತು. ಶಿರೀನ್ ಬಸ್ಸಿಳಿದವಳೇ ಒಂದು ಚೀಲ ಪುಸ್ತಕ ತಂದುಕೊಟ್ಟು ಲೈಬ್ರರಿಗೆ ಹೋಗುತ್ತಿದ್ದಳು; ಪತ್ರಿಕೆ ಓದಲು ಬರುವ ಹಿರಿಯರಿಗೆ ಬಾಗಿಲು ತೆರೆದಿರಬೇಕಲ್ಲ. ಮಕ್ಕಳು ಸರದಿಯ ಮೇಲೆ ಓದಿದರು. ಮೊದಲು ಓದಿದ ಹುಡುಗಿ ಶಾಲೆಯ ಪ್ರಾರ್ಥನೆಯ ಹಾಗೆ ಒಂದೇ ರಾಗದಲ್ಲಿ ಓದಿದಳು. ಕಾಶಮ್ಮ ಆಕಳಿಸಿದಳು. ಇನ್ನೊಬ್ಬ ಪೂರ್ಣವಿರಾಮ ಸಿಕ್ಕಲ್ಲೆಲ್ಲ ನೀರು ಕುಡಿದ. ಆಮೇಲೆ ಲಿಂಗಮ್ಮನ ಮೊಮ್ಮಗಳು ಸ್ಪೂರ್ತಿಯ ಸರದಿ ಬಂತು.

ನಾಲ್ಕನೆಯ ತರಗತಿ ಮುಗಿಸಿದ ಹುಡುಗಿ. ಅಪ್ಪ ಹೊನ್ನೇಶ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು; ತಾಯಿ ಶ್ರುತಿ ಹೆರಿಗೆಗೆಂದು ಪಂಚನಹಳ್ಳಿಯ ತವರಿಗೆ ಹೋಗಿದ್ದಳು. ಸ್ಪೂರ್ತಿ ಕೈತೊಳೆದು, ಲಂಗಕ್ಕೆ ಒರೆಸಿ, ಪುಸ್ತಕ ಬಿಚ್ಚಿ ಕೂತಳೆಂದರೆ ಅಂಗಳವೇ ಬೇರೆಯಾಯಿತು. ನರಿಗೊಂದು ದನಿ, ಮುದುಕಿಗೊಂದು ದನಿ. ಅಳುವಲ್ಲಿ ಅತ್ತಳು, ಹೆದರುವಲ್ಲಿ ಪುಸ್ತಕವನ್ನೇ ಎದೆಗವಚಿಕೊಂಡಳು. ಕಾಶಮ್ಮ ಬಡಿಯುವುದನ್ನು ಮರೆತು ಬಾಯಿ ತೆರೆದು ಕೂತಳು.

ಅಂದಿನಿಂದ ಬೇರೆ ಮಕ್ಕಳ ಸರದಿ ಬರಲೇ ಇಲ್ಲ. ಯಾವ ಮನೆಯ ಅಂಗಳದಲ್ಲಿ ಕೆಲಸವಿದ್ದರೂ “ಓದೋಕೆ ಸ್ಪೂರ್ತಿ ಬರ್ಲಿ, ಅವಳ ಪಾಲು ನಮಗಿರ್ಲಿ” ಎನ್ನುತ್ತಿದ್ದರು. ಲಿಂಗಮ್ಮನ ನಡಿಗೆಯೇ ಬದಲಾಯಿತು. ಸಂತೆಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಎಲ್ಲೆಂದರಲ್ಲಿ ಒಂದೇ ಮಾತು: “ನಮ್ ಮಗಾ ಓದಿದ್ರೆ ಕಲ್ಲೂ ಕೇಳುತ್ತೆ ಕಣ್ರೀ.” ಶಿರೀನ್ ಮನೆಯಲ್ಲಿ ಅತ್ತೆಯ ಹತ್ತಿರ ಹೇಳಿಕೊಂಡು ಕಣ್ಣು ತುಂಬಿಕೊಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಒಂದು ಮಗುವಿನ ಓದು ಬೇಸಿಗೆಯಲ್ಲಿ ಒಣಗದೆ ಚಿಗುರಿತ್ತು.

ಲೈಬ್ರರಿಗೆ ಸುಣ್ಣ ಹೊಡೆಯುವವರು ಬಂದ ದಿನ ಶಿರೀನ್ ತಾನೂ ಅಂಗಳದಲ್ಲಿ ಕೂತು ಬೀಜ ಆರಿಸತೊಡಗಿದಳು. ಅಂದು ಸ್ಪೂರ್ತಿಯ ಕೈಯಲ್ಲಿ ಇದ್ದದ್ದು ಕಡಲು ನೋಡಲು ಹೊರಟ ಕೋಳಿಯ ಪುಸ್ತಕ. ಶಿರೀನ್ ಅದನ್ನು ಎಷ್ಟು ಮಕ್ಕಳಿಗೆ ಓದಿ ಹೇಳಿದ್ದಳೆಂದರೆ ಸಾಲು ಸಾಲೂ ಬಾಯಿಗೆ ಬರುತ್ತಿತ್ತು. ಕೋಳಿ ಎತ್ತಿನ ಗಾಡಿ ಹತ್ತುತ್ತದೆ, ದೋಣಿ ಹತ್ತುತ್ತದೆ, ಕಡಲು ನೋಡಿ ಬರುತ್ತದೆ. ಅಷ್ಟೇ ಕಥೆ.

ಸ್ಪೂರ್ತಿ ಮೊದಲ ಹಾಳೆ ತಿರುಗಿಸಿದಳು. “ಕೋಳಿ ಅಜ್ಜಂಪುರದಲ್ಲಿ ರೈಲು ಹತ್ತಿತು. ಕಿಟಕಿ ಪಕ್ಕದ ಸೀಟೇ ಬೇಕು ಅಂತ ಒಬ್ಬ ದಪ್ಪ ಹೆಂಗಸಿನ ಜೊತೆ ಜಗಳ ಆಡಿತು. ಬೀರೂರು ಬಂತು. ಟಿಕೆಟ್ ಕೇಳೋನು ಬಂದ. ‘ಎಲ್ಲಮ್ಮ ಟಿಕೆಟು?’ ಅಂದ. ಕೋಳಿ ‘ಒಂದ್ ನಿಮಿಷ ಸ್ವಾಮಿ’ ಅಂತ ಹೇಳಿ, ಸೀಟಿನ ಮೇಲೇ ಒಂದು ಮೊಟ್ಟೆ ಇಟ್ಟು, ‘ತಗಳಿ, ಬಿಸಿ ಐತೆ’ ಅಂತು.”

ಅಂಗಳ ನಗುವಿನಿಂದ ಅಲ್ಲಾಡಿತು. ಕಾಶಮ್ಮ ಕೆಮ್ಮಿ ಕೆಮ್ಮಿ, “ಅಯ್ಯೋ, ಆ ಮೊಟ್ಟೆದು ಇನ್ನೊಂದ್ಸಲ ಓದೇ” ಎಂದಳು. ಸ್ಪೂರ್ತಿ ಮತ್ತೆ ಓದಿದಳು. ಈ ಸಲ ಮೊಟ್ಟೆ ಸ್ಟೇಷನ್ ಮಾಸ್ಟರನ ಟೋಪಿಯೊಳಗೆ ಬಿತ್ತು.

“ಈಗ್ತಾನೇ ಸೀಟಿನ ಮೇಲೆ ಇಟ್ಟಿತ್ತಲ್ಲೇ?”

“ಅದು ಬೇರೆ ಮೊಟ್ಟೆ ಕಾಶಮ್ಮಜ್ಜಿ” ಎಂದಳು ಹುಡುಗಿ, ಕಣ್ಣೆತ್ತದೆ.

ಶಿರೀನಳ ಬೆರಳುಗಳು ಬೀಜದ ರಾಶಿಯಲ್ಲಿ ನಿಂತುಹೋದವು. ಆ ಪುಸ್ತಕದಲ್ಲಿ ರೈಲಿಲ್ಲ. ಬೀರೂರಿಲ್ಲ. ಮೊಟ್ಟೆಯಂತೂ ಇಲ್ಲವೇ ಇಲ್ಲ. ಅವಳು ಸುತ್ತ ಕೂತ ಮಕ್ಕಳ ಮುಖ ನೋಡಿದಳು. ಅವರೆಲ್ಲ ತಲೆ ತಗ್ಗಿಸಿ ಒಳಗೊಳಗೇ ನಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಹೇಳಿದರೆ ಕಥೆ ನಿಂತುಹೋಗುತ್ತದೆಂದು ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಸಂಜೆ ಸ್ಪೂರ್ತಿ ಪುಸ್ತಕದ ಚೀಲ ಹಿಡಿದು ಬಸ್ ನಿಲ್ಲುವ ಹೊಂಗೆಮರದವರೆಗೆ ಬಂದಳು. ಮರದ ಕೆಳಗೆ ಯಾರೂ ಇರಲಿಲ್ಲ. ಶಿರೀನ್ ಕೋಳಿಯ ಪುಸ್ತಕ ತೆಗೆದು ಮೊದಲ ಹಾಳೆ ಬಿಚ್ಚಿದಳು.

“ಇದೊಂದು ಸಾಲು ಓದು ಮಗಾ.”

ಹುಡುಗಿ ಚಿತ್ರ ನೋಡಿದಳು. ಶಿರೀನ್ ಚಿತ್ರದ ಮೇಲೆ ಅಂಗೈ ಇಟ್ಟಳು.

“ಕಣ್ಣು ಉರೀತಾವೆ ಮಿಸ್. ಹುಣಸೆ ಹುಳಿ ಬಿದ್ದೈತೆ.”

“ನೀನು ಇವತ್ತು ಹುಣಸೆ ಮುಟ್ಟೇ ಇಲ್ವಲ್ಲಮ್ಮ.”

ಸ್ಪೂರ್ತಿ ಚೀಲವನ್ನು ಕೆಳಗಿಟ್ಟಳು. ಆಮೇಲೆ ಎಲ್ಲ ಒಟ್ಟಿಗೆ ಹೊರಬಂತು. ಬಿಡಿ ಅಕ್ಷರ ಗೊತ್ತು. ಹೆಸರು ಬರೆಯಲು ಬರುತ್ತದೆ. ಆದರೆ ಸಾಲಿನಲ್ಲಿ ಎಲ್ಲ ಸೇರಿ ಬಂದರೆ ಇರುವೆ ಹರಿದ ಹಾಗೆ ಕಾಣುತ್ತದೆ. ಶಾಲೆಯಲ್ಲಿ ಪಕ್ಕದವಳು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. “ಅಜ್ಜಿಗೆ ಹೇಳ್ಬೇಡಿ ಮಿಸ್. ಅಜ್ಜಿ ಎಲ್ರಿಗೂ ಹೇಳ್ಕಂಡು ಬಂದೈತೆ.”

ಬಸ್ಸು ಬಂತು. ಶಿರೀನ್ ಅವಳ ತಲೆ ನೇವರಿಸಿ, “ಹೇಳಲ್ಲ. ಬೆಳಿಗ್ಗೆ ಹುಣಸೆ ಕೆಲಸಕ್ಕೆ ಮೊದಲು ಲೈಬ್ರರಿಗೆ ಬಾ” ಎಂದಷ್ಟೇ ಹೇಳಿ ಹತ್ತಿದಳು.

ಕಡೂರು ಬರುವವರೆಗೆ ಅವಳ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಶಾಲೆ ತೆರೆಯಲು ಹೆಚ್ಚು ದಿನವಿಲ್ಲ. ಐದನೆಯ ತರಗತಿಯಲ್ಲಿ ಪಾಠ ಉದ್ದವಾಗುತ್ತದೆ, ಬಾಯಿಪಾಠ ಸಾಲುವುದಿಲ್ಲ. ಹುಡುಗಿ ಒಂದು ದಿನ ಇಡೀ ತರಗತಿಯ ಎದುರು ಸಿಕ್ಕಿಬೀಳುತ್ತಾಳೆ, ಮತ್ತೆ ಜನ್ಮದಲ್ಲಿ ಪುಸ್ತಕ ಮುಟ್ಟುವುದಿಲ್ಲ. ಈಗಲೇ ಅಂಗಳದಲ್ಲಿ ನಿಜ ಹೇಳಿಬಿಟ್ಟರೂ ಅದೇ ಗತಿ. ಸುಮ್ಮನಿದ್ದರೆ ಬಾವಿ, ಮಾತಾಡಿದರೆ ಕೆರೆ. ಅದಕ್ಕಿಂತ ಅವಳನ್ನು ಚುಚ್ಚಿದ್ದು ಬೇರೆ: ಇಷ್ಟು ದಿನ ತಾನು ಚೀಲ ಕೊಟ್ಟು ಬಂದದ್ದೇ ಹೊರತು ಒಂದು ಗಳಿಗೆ ಕೂತು ಕೇಳಿರಲಿಲ್ಲ.

ಮನೆಯಲ್ಲಿ ಚಹಾ ಕೂಡ ಕುಡಿಯದೆ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ಸ್ಕೆಚ್ ಪೆನ್ನಿನಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ಅಸದುಲ್ಲಾ ಕೈಯ ಗ್ರೀಸ್ ಒರೆಸುತ್ತ ಬಂದು ಬಗ್ಗಿ ನೋಡಿದ.

“ಕೋಳಿ ಬೀರೂರಲ್ಲಿ ಮೊಟ್ಟೆ ಇಟ್ಟಿತಾ? ಏನಿದು, ಸರ್ಕಾರದ ಹೊಸ ಪಾಠಾನಾ?” ಎಂದು ದಖ್ನಿಯಲ್ಲಿ ಕೇಳಿದ.

“ಒಂದು ಹುಡುಗಿಯ ಪಾಠ. ಅವಳು ಆಡಿದ ಮಾತು, ಒಂದಕ್ಷರ ಬದಲಾಯಿಸಿಲ್ಲ.”

“ಜಗಳ ಆಡಿದ ಆ ದಪ್ಪ ಹೆಂಗಸು ಆಮೇಲೆ ಏನಾದಳು?” ಎಂದು ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಶಿರೀನ್‌ಗೆ ಸಂಜೆಯಿಂದ ಮೊದಲ ಸಲ ಉಸಿರು ಹಗುರಾಯಿತು.

ಬೆಳಿಗ್ಗೆ ಹಸಿ ಸುಣ್ಣದ ವಾಸನೆಯ ಲೈಬ್ರರಿಯಲ್ಲಿ ಹಾಳೆ ಬಿಚ್ಚಿದಾಗ ಸ್ಪೂರ್ತಿ ಹೆದರಿ ಹಿಂದೆ ಸರಿದಳು. ಶಿರೀನ್ ಅವಳ ಬೆರಳು ಹಿಡಿದು ಮೊದಲ ಪದದ ಕೆಳಗೆ ಇಟ್ಟಳು. “ನಿನ್ನೆ ನೀನೇ ಹೇಳಿದ ಮಾತು ಇದು. ಕೋಳಿ ಎಲ್ಲಿ ರೈಲು ಹತ್ತಿತು?”

“ಅಜ್ಜಂಪುರದಲ್ಲಿ.”

“ಹಾಗಾದ್ರೆ ಅಜ್ಜಂಪುರ ಎಲ್ಲಿದೆ, ಹುಡುಕು.”

ಹುಡುಗಿ ಬಹಳ ಹೊತ್ತು ನೋಡಿದಳು. ಬೆರಳು ನಿಧಾನವಾಗಿ ಜರುಗಿ ಒಂದು ಕಡೆ ನಿಂತಿತು. “ಇದಾ ಮಿಸ್?” ಆಮೇಲೆ ಬೀರೂರು ಸಿಕ್ಕಿತು. ಮೊಟ್ಟೆ ಸಿಕ್ಕಿತು. ಮೊಟ್ಟೆ ಬರೆದರೆ ಹೀಗೆ ಕಾಣುತ್ತದೆಯೆ ಎಂದು ಅವಳು ಮೂಗು ಹಾಳೆಗೆ ತಾಗುವಷ್ಟು ಬಗ್ಗಿದಳು. ಹೇಳಿದ್ದು ತನ್ನದೇ ಆದ್ದರಿಂದ ಮುಂದಿನ ಪದ ಯಾವುದೆಂದು ನಾಲಗೆಗೆ ಗೊತ್ತಿತ್ತು; ಕಣ್ಣು ಅದರ ಹಿಂದೆ ಓಡಬೇಕಿತ್ತು, ಅಷ್ಟೆ. ದಿನಾ ಬೆಳಿಗ್ಗೆ ಅವಳು ಒಂದಿಷ್ಟು ಹೇಳಿದಳು, ಶಿರೀನ್ ಬರೆದಳು, ಇಬ್ಬರೂ ಹುಡುಕಿದರು. ಕೆಲವು ದಿನ ಏನೂ ಆಗದೆ ಹುಡುಗಿ ಹಾಳೆಯನ್ನು ತಳ್ಳಿ ಅತ್ತದ್ದೂ ಉಂಟು. ಮೆಲ್ಲಗೆ, ತಾನು ಹೇಳದ ಪದಗಳೂ ಅಲ್ಲಿ ಇಲ್ಲಿ ಕೈಗೆ ಸಿಗತೊಡಗಿದವು.

ಇತ್ತ ಅಂಗಳದಲ್ಲಿ ಬೇಸರ ಶುರುವಾಗಿತ್ತು. ಸ್ಪೂರ್ತಿ ಗಂಟಲು ನೋವೆಂದು ಓದುವುದನ್ನು ಬಿಟ್ಟು ತಾನೂ ಕೊಡತಿ ಹಿಡಿದಿದ್ದಳು. ಹುಣಸೆ ಕೆಲಸ ಮುಗಿಯುತ್ತ ಬಂದ ಹೊತ್ತಿನಲ್ಲಿ, ಸಿಂಗಟಗೆರೆಯಿಂದ ಬಂದಿದ್ದ ಲಿಂಗಮ್ಮನ ತಂಗಿ ಹಾಲಮ್ಮನ ಎದುರು ಕಾಶಮ್ಮ ಕೆಣಕಿದಳು: “ಏನವ್ವಾ ಲಿಂಗಮ್ಮ, ಕಲ್ಲಿಗೆ ಕೇಳಿಸ್ತಿದ್ದ ನಿನ್ ಮೊಮ್ಮಗಳ ದನಿ ಈಗ ನಮಗೂ ಕೇಳಾದಿಲ್ವಲ್ಲ!”

“ಲೇ ಸ್ಪೂರ್ತಿ, ಎದ್ದು ಕೈ ತೊಳಿಯೇ” ಎಂದಳು ಲಿಂಗಮ್ಮ. “ನಿಮ್ ಚಿಕ್ಕಜ್ಜಿ ಅಷ್ಟ್ ದೂರದಿಂದ ಬಂದೈತೆ. ಆ ಕೋಳಿದು ಓದು.”

ಶಿರೀನ್ ಈಗ ದಿನಾ ಒಂದು ಗಳಿಗೆ ಅಂಗಳಕ್ಕೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಡ್ಡ ಬಾಯಿ ಹಾಕಿ ತಪ್ಪಿಸೋಣವೆಂದು ಎದ್ದಳು. ಅಷ್ಟರಲ್ಲಿ ಹುಡುಗಿ ಕೈತೊಳೆದು ಬಂದು ಚೀಲದಿಂದ ಪುಸ್ತಕ ತೆಗೆದು ಮೊದಲ ಹಾಳೆ ಬಿಚ್ಚಿದ್ದಳು. ಒಂದು ಸಲ ಶಿರೀನಳ ಮುಖ ನೋಡಿದಳು. ಆಮೇಲೆ ಬೆರಳನ್ನು ಮೊದಲ ಪದದ ಕೆಳಗೆ ಇಟ್ಟಳು.

“ಒಂ... ದು... ಒಂದು ಊರಲ್ಲಿ... ಒಂದು ಕೋಳಿ ಇ... ಇತ್ತು.”

ಹೆಂಗಸರು ಮುಖ ಮುಖ ನೋಡಿಕೊಂಡರು. “ಅದಕ್ಕೆ... ಕ... ಕಡಲು...”

“ಇದೇನೇ ಹುಡುಗಿ, ಹುಣಸೆ ನಾರು ಎಳ್ದಂಗೆ ಎಳೀತೀಯ? ರೈಲೆಲ್ಲೇ? ಮೊಟ್ಟೆ ಎಲ್ಲೇ?” ಎಂದಳು ಕಾಶಮ್ಮ.

“ಈ ಪುಸ್ತಕದಲ್ಲಿ ರೈಲಿಲ್ಲ.”

“ಮತ್ತೆ ಅವತ್ತು ಓದಿದ್ಯಲ್ಲ?”

“ಓದ್ಲಿಲ್ಲ ಅಜ್ಜಿ. ನಂಗೆ ಓದೋಕೆ ಬತ್ತಿರ್ಲಿಲ್ಲ. ಅದೆಲ್ಲ ನಾನೇ ಹೇಳಿದ್ದು. ಈಗ ಬತ್ತಾ ಐತೆ, ಸ್ವಲ್ಪ ಸ್ವಲ್ಪ.”

ಕೊಡತಿಯ ಸದ್ದು ಪೂರ್ತಿ ನಿಂತಿತು. ಲಿಂಗಮ್ಮನ ಮುಖ ಬಿಳಿಚಿಕೊಂಡಿತ್ತು.

“ಹಂಗಾದ್ರೆ ನಿನ್ ಪಾಲಿನ ಹುಣಸೆ ಎಲ್ಲ ನಮ್ ಕೈಲಿ ಬಡಿಸ್ಕಂಡು, ಬರೀ ಪುಸ್ತಕ ಹಿಡ್ಕಂಡು ಕುಂತಿದ್ಯಾ?” ಎಂದಳು ಕಾಶಮ್ಮ.

ಆ ಮಾತಿನ ತೂಕ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತೀರದ ಮುಯ್ಯಿ ಸುಳ್ಳಿಗಿಂತ ದೊಡ್ಡ ತಪ್ಪು. ಶಿರೀನ್ ಮುಂದೆ ಬಂದಳು. “ತಪ್ಪು ನನ್ನದು ಕಾಶಮ್ಮ. ನಾನು ಕೂತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಅವಳ ಪಾಲು ನಾನು ಬಡೀತೀನಿ.”

“ನೀನ್ಯಾಕವ್ವ ಬಡೀತೀಯ?” ಲಿಂಗಮ್ಮನ ದನಿ ಒಡೆದಿತ್ತು. “ನಮ್ಮನೆ ಮುಯ್ಯಿ ನಮ್ಮನೆ ಕೈಯೇ ತೀರ್ಸುತ್ತೆ.” ಅವಳು ಮೊಮ್ಮಗಳ ಕಡೆ ನೋಡದೆ ಕಾಶಮ್ಮನ ಮುಂದಿದ್ದ ಹಣ್ಣಿನ ಕುಕ್ಕೆಯನ್ನು ತನ್ನತ್ತ ಎಳೆದುಕೊಂಡು ಬಡಿಯತೊಡಗಿದಳು. ಸ್ಪೂರ್ತಿಯ ಕಣ್ಣಿಂದ ನೀರು ಪಟಪಟನೆ ಉದುರಿತು. ಆದರೆ ಬೆರಳು ಸಾಲಿನಿಂದ ಕದಲಲಿಲ್ಲ.

ಕಾಶಮ್ಮ ಆ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಕುಕ್ಕೆಯನ್ನು ಲಿಂಗಮ್ಮನ ಕೈಯಿಂದ ವಾಪಸ್ ಕಿತ್ತುಕೊಂಡಳು.

“ಕೊಡು ಇಲ್ಲಿ. ನಕ್ಕಿದ್ದು ನಾವೇ ತಾನೆ? ನಕ್ಕಿದ್ದನ್ನ ಈಗ ವಾಪಸ್ ಕೊಡಾಕಾಗುತ್ತಾ?” ಹುಡುಗಿಯ ಕಡೆ ತಿರುಗಿದಳು. “ಆದ್ರೆ ನೋಡು, ಇವತ್ತಿಂದ ಓದಿದ್ರೆ ಓದು ಅನ್ನು, ಹೇಳಿದ್ರೆ ಹೇಳಿದ್ದು ಅನ್ನು. ಎರಡೂ ಒಂದೊಂದ್ ಆಳೇ. ಅಳ್ಬೇಡ, ಪುಸ್ತಕ ಒದ್ದೆ ಆದ್ರೆ ಮೇಡಂ ಬಯ್ತಾರೆ. ಕಡಲಿಗೆ ಏನಾಯ್ತು? ಮುಂದಕ್ಕೋದು.”

ಸ್ಪೂರ್ತಿ ಮೂಗೊರೆಸಿಕೊಂಡಳು. “ಅದಕ್ಕೆ ಕಡಲು... ನೋ... ನೋಡುವ ಆಸೆ.” ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಆಚೆ ತುದಿಯಲ್ಲಿ ಯಾರೋ ಕೊಡತಿ ಎತ್ತಿದರು.

“ಏ, ಬಡಿಯಾದ್ ನಿಲ್ಸ್ರೇ!” ಕಾಶಮ್ಮ ಗದರಿದಳು. “ಮಗಾ ಓದ್ತಾ ಐತೆ.”

ಎತ್ತಿದ ಕೊಡತಿ ಮಡಿಲಿಗಿಳಿಯಿತು. ಲಿಂಗಮ್ಮ ಹುಣಸೆ ಹತ್ತಿದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಮೊಮ್ಮಗಳ ತುಟಿಗಳನ್ನೇ ನೋಡುತ್ತ, ಅವು ಹುಡುಕುತ್ತಿದ್ದ ಪದವನ್ನು ತಾನೂ ಸದ್ದಿಲ್ಲದೆ ಹುಡುಕುವವಳಂತೆ ಬಾಯಿ ಆಡಿಸಿದಳು. ಹುಡುಗಿಯ ಬೆರಳು ಸಾಲಿನ ಕೊನೆ ಮುಟ್ಟಿತು, ಕೆಳಗಿನ ಸಾಲಿಗೆ ಇಳಿಯಿತು.

“ಕೋಳಿ... ಗಾ... ಗಾಡಿ... ಹತ್ತಿತು.”